ಗಲ್ಫ್‌ನಲ್ಲಿ ಟ್ರಕ್ ಚಾಲಕ ಕೆಲಸ: ಹೊರಡುವ ಮುನ್ನ ತಿಳಿದಿರಬೇಕಾದ ವಿಷಯಗಳು

ಪಣಂಬೂರು ಬಂದರಿನಿಂದ ಸರಕು ಹೇರಿಕೊಂಡು ಶಿರಾಡಿ ಘಾಟಿ ಹತ್ತಿ ಇಳಿದವನಿಗೆ ದುಬೈಯ ಸಪಾಟು ಹೆದ್ದಾರಿ ಯಾವ ಲೆಕ್ಕ ಎಂದು ನಮ್ಮ ಚಾಲಕರು ಹೇಳುವುದುಂಟು. ಗಾಡಿ ಓಡಿಸುವ ಮಟ್ಟಿಗೆ ಈ ಮಾತು ನಿಜವೇ ಇರಬಹುದು. ಆದರೆ ಊರಿನ ಹೆವಿ ಲೈಸನ್ಸ್ ಹಿಡಿದು ವಿಮಾನ ಇಳಿದವನು ಅಲ್ಲಿ ಇನ್ನೂ ಚಾಲಕನಾಗಿರುವುದಿಲ್ಲ. ಅಲ್ಲಿನ ಲೈಸನ್ಸ್ ಕೈಗೆ ಬರುವವರೆಗೆ ಅವನು ಚಾಲಕನ ವೀಸಾದಲ್ಲಿರುವ ಒಬ್ಬ ವಿದೇಶಿ ಮಾತ್ರ. ಸಾಲ ಮಾಡಿ ಮಗನನ್ನು ಕಳುಹಿಸುವ ಮನೆಯವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿರುವುದಿಲ್ಲ, ಏಜೆಂಟನಂತೂ ಹೇಳುವುದೇ ಇಲ್ಲ.

ಸಂಯುಕ್ತ ಅರಬ್ ಎಮಿರೇಟ್ಸ್ ಅಂದರೆ ಯುಎಇಯನ್ನೇ ನೋಡೋಣ. ಭಾರತದ ಹೆವಿ ಲೈಸನ್ಸನ್ನು ಕೊಟ್ಟು ಅಲ್ಲಿನ ಹೆವಿ ಲೈಸನ್ಸನ್ನು ನೇರವಾಗಿ ಪಡೆಯಲು ಬರುವುದಿಲ್ಲ. ಕಣ್ಣಿನ ಪರೀಕ್ಷೆ, ಡ್ರೈವಿಂಗ್ ಶಾಲೆಯ ತರಗತಿ, ಸಂಚಾರ ನಿಯಮಗಳ ಪರೀಕ್ಷೆ, ನಂತರ ರಸ್ತೆಯ ಪರೀಕ್ಷೆ ಎಲ್ಲವನ್ನೂ ಮುಗಿಸಬೇಕು. ದುಬೈಯಲ್ಲಿ ನಿಯಮಗಳ ಪರೀಕ್ಷೆಯನ್ನು ಹಿಂದಿ, ಮಲಯಾಳಂ ಭಾಷೆಗಳಲ್ಲೂ ಬರೆಯಬಹುದಾದ್ದರಿಂದ ಅದು ದೊಡ್ಡ ತಲೆನೋವಲ್ಲ. ರಸ್ತೆಯ ಪರೀಕ್ಷೆ ಹಾಗಲ್ಲ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ, ಸ್ಟಿಯರಿಂಗ್ ಇರುವುದು ಎಡಕ್ಕೆ. ಹತ್ತು ಹದಿನೈದು ವರ್ಷ ಎಡಬದಿಯಲ್ಲಿ ಓಡಿಸಿ ಪಳಗಿದ ಕಣ್ಣು, ಕೈ ಒಂದು ವಾರದಲ್ಲಿ ಬದಲಾಗುವುದಿಲ್ಲ. ರೌಂಡ್ ಅಬೌಟ್‌ನಲ್ಲಿ ಎಡಕ್ಕೆ ನೋಡಬೇಕಾದಲ್ಲಿ ಬಲಕ್ಕೆ ನೋಡಿದರೆ ನಪಾಸು. ಉದ್ದನೆಯ ಟ್ರೇಲರನ್ನು ಹಿಂದಕ್ಕೆ ತೆಗೆದು ನಿಲ್ಲಿಸುವುದು ಬೇರೆಯೇ ವಿದ್ಯೆ. ಹಳೇ ಚಾಲಕರೇ ಮೊದಲ ಸಲ ನಪಾಸಾದರೆ ಆಶ್ಚರ್ಯವಿಲ್ಲ. ನಪಾಸಾದಷ್ಟು ಸಲ ಮತ್ತೆ ತರಗತಿ, ಮತ್ತೆ ಶುಲ್ಕ.

ಹೀಗೆ ತಿಂಗಳುಗಳು ಕಳೆಯಬಹುದು. ಈ ತಿಂಗಳುಗಳಲ್ಲಿ ಸಂಬಳ ಉಂಟೋ ಇಲ್ಲವೋ? ಇದ್ದರೆ ಪೂರ್ಣವೋ ಅರ್ಧವೋ? ಲೈಸನ್ಸಿನ ಖರ್ಚನ್ನು ಕಂಪೆನಿ ಭರಿಸುವುದೋ, ಮುಂದೆ ಕಂತಿನಲ್ಲಿ ಹಿಡಿಯುವುದೋ? ಪಾಸಾಗದಿದ್ದರೆ ಬೇರೆ ಕೆಲಸ ಕೊಡುವರೋ, ಊರಿಗೆ ಕಳುಹಿಸುವರೋ? ಈ ಪ್ರಶ್ನೆಗಳಿಗೆ ಉತ್ತರ ಬರಹದಲ್ಲಿ ಇರಬೇಕು. ಬಾಯಿಮಾತಿನ 'ಎಲ್ಲ ಕಂಪೆನಿ ನೋಡಿಕೊಳ್ಳುತ್ತದೆ' ಎಂಬ ಭರವಸೆ ಅಲ್ಲಿ ನಡೆಯುವುದಿಲ್ಲ. ಯುಎಇಯಲ್ಲಿ 2016ರಿಂದ ಕೆಲಸದ ಪರವಾನಗಿಗೆ ಮುಂಚೆ ಆಫರ್ ಲೆಟರ್‌ಗೆ ಕೆಲಸಗಾರನ ಸಹಿ ಬೇಕು, ಆಮೇಲಿನ ಕರಾರು ಅದಕ್ಕಿಂತ ಕಡಿಮೆ ಇರಬಾರದು ಎಂಬ ನಿಯಮವಿದೆ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವುದನ್ನೂ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದನ್ನೂ ಅಲ್ಲಿನ 2021ರ ಕಾರ್ಮಿಕ ಕಾನೂನು ನಿಷೇಧಿಸಿದೆ.

ಆಫರ್ ಲೆಟರ್ ಓದುವಾಗ ಎರಡು ಸಾಲುಗಳ ಮೇಲೆ ಬೆರಳಿಟ್ಟು ನೋಡಿ. ಮೊದಲನೆಯದು ಹುದ್ದೆಯ ಹೆಸರು. ಹೆವಿ ಟ್ರಕ್ ಚಾಲಕ, ಲಘು ವಾಹನ ಚಾಲಕ, ಮನೆ ಚಾಲಕ ಇವು ಬೇರೆ ಬೇರೆ. ಸೌದಿ ಅರೇಬಿಯಾದಲ್ಲಿ ಮನೆ ಚಾಲಕನು ಮನೆಗೆಲಸದವರ ಪಟ್ಟಿಯಲ್ಲಿ ಬರುತ್ತಾನೆ, ಸಾಮಾನ್ಯ ಕಾರ್ಮಿಕ ಕಾನೂನು ಅವನಿಗೆ ಅನ್ವಯಿಸುವುದಿಲ್ಲ. ಆ ವೀಸಾದಲ್ಲಿ ಹೋಗಿ ಟ್ರಕ್ ಹತ್ತಿದವನು ನಾಳೆ ದೂರು ಕೊಡಲು ಹೋದರೆ ಮೊದಲು ತಾನೇ ತಪ್ಪಿತಸ್ಥನಾಗುತ್ತಾನೆ. ವಿಸಿಟ್ ವೀಸಾದಲ್ಲಿ ಹೋಗಿ ದುಡಿಯುವುದಂತೂ ಬೇಡವೇ ಬೇಡ. ಎರಡನೆಯದು ಮೂಲ ವೇತನ. ಟ್ರಕ್ ಕೆಲಸದಲ್ಲಿ ಮೂಲ ವೇತನ ಸಣ್ಣದು, ಟ್ರಿಪ್ಪಿನ ಭತ್ಯೆ ದೊಡ್ಡದು ಇರುವುದುಂಟು. ಟ್ರಿಪ್ ಇರುವಾಗ ಕೈತುಂಬ ಹಣ. ಆದರೆ ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಸಂಬಳ, ಲೆಕ್ಕವಾಗುವುದು ಮೂಲ ವೇತನದ ಮೇಲೆ.

ಇನ್ನು ನಮ್ಮ ಜಿಲ್ಲೆಗಳವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ಪರಿಶೀಲನೆ ಕಡ್ಡಾಯ. ಇದನ್ನೇ ಇಸಿಆರ್ ಎನ್ನುತ್ತಾರೆ. ಆರು ಗಲ್ಫ್ ದೇಶಗಳೂ ಸೇರಿ ಒಟ್ಟು 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇಂಥವರ ಕರಾರು ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಕಡ್ಡಾಯವಾಗಿ ಆಗುತ್ತದೆ. ಇದರ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ತೆರಿಗೆ ಪ್ರತ್ಯೇಕ. ಆದರೆ ಕರಾವಳಿಯಲ್ಲಿ ಹತ್ತನೇ ತರಗತಿ ದಾಟದ ಹುಡುಗ ಈಗ ಅಪರೂಪ. ಪಾಸಾದವನಿಗೆ ಯಾವ ಪರಿಶೀಲನೆಯೂ ಇಲ್ಲ, ನೇರ ವಿಮಾನ ಹತ್ತಬಹುದು. ಕಾಗದದ ಜಂಜಾಟ ತಪ್ಪಿತೆಂದು ನಾವು ಸಂತೋಷಪಡುತ್ತೇವೆ. ಆದರೆ ಜಂಜಾಟದ ಜತೆಗೆ ರಕ್ಷಣೆಯೂ ತಪ್ಪಿರುತ್ತದೆ. ಓದಿದವರೂ ಇ-ಮೈಗ್ರೇಟ್‌ನಲ್ಲಿ ಸ್ವಇಚ್ಛೆಯಿಂದ ಹೆಸರು ನೋಂದಾಯಿಸಲು ಅವಕಾಶವಿದೆ. ಇದನ್ನು ಕಡ್ಡಾಯ ಮಾಡಲು 2018ರಲ್ಲಿ ಆದೇಶ ಹೊರಟರೂ ಅದು ಜಾರಿಗೆ ಬರುವ ಮೊದಲೇ ತಡೆಹಿಡಿಯಲ್ಪಟ್ಟಿತು. ನನ್ನನ್ನು ಕೇಳಿದರೆ ಅದು ಜಾರಿಯಾಗಬೇಕಿತ್ತು.

ನೋಂದಾಯಿತ ಏಜೆಂಟರ ಪಟ್ಟಿಯೂ ಇ-ಮೈಗ್ರೇಟ್ ಜಾಲತಾಣದಲ್ಲೇ ಇದೆ. ಅವರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಶೀದಿ ಕೊಡಬೇಕು. ಲಕ್ಷಗಳ ಲೆಕ್ಕದಲ್ಲಿ ಮಾತನಾಡುವವನು, ರಶೀದಿ ಕೇಳಿದರೆ ಮುಖ ತಿರುಗಿಸುವವನು ಎಷ್ಟೇ ಪರಿಚಯಸ್ಥನಾಗಿದ್ದರೂ ದೂರವಿಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಅಪಘಾತದ್ದು. ಅಪಘಾತದಲ್ಲಿ ಯಾರಾದರೂ ಸತ್ತು ತಪ್ಪು ಚಾಲಕನದೆಂದು ತೀರ್ಮಾನವಾದರೆ ಮೃತರ ಕುಟುಂಬಕ್ಕೆ 'ದಿಯಾ' ಅಂದರೆ ಪರಿಹಾರದ ಹಣ ಕೊಡಬೇಕಾಗುತ್ತದೆ. ಯುಎಇಯಲ್ಲಿ ಇದು 2 ಲಕ್ಷ ದಿರ್ಹಂ, ಸೌದಿಯಲ್ಲಿ 3 ಲಕ್ಷ ರಿಯಾಲ್‌ವರೆಗೆ. ನಮ್ಮ ಲೆಕ್ಕದಲ್ಲಿ ಒಂದು 40 ಲಕ್ಷಕ್ಕೂ, ಇನ್ನೊಂದು 60 ಲಕ್ಷಕ್ಕೂ ಮಿಗಿಲು. ಗಾಡಿಗೆ ಸರಿಯಾದ ವಿಮೆ ಇದ್ದರೆ ವಿಮಾ ಕಂಪೆನಿ ಕೊಡುತ್ತದೆ. ವಿಮೆ ಮುಗಿದಿದ್ದರೆ, ಅಥವಾ ಆ ಗಾಡಿಗೆ ತಕ್ಕ ಲೈಸನ್ಸ್ ಚಾಲಕನಲ್ಲಿ ಇಲ್ಲದಿದ್ದರೆ, ಹೊರೆ ಚಾಲಕನ ತಲೆಗೇ ಬರಬಹುದು. ಹಣ ತೀರುವವರೆಗೆ ದೇಶ ಬಿಡಲಾಗದೆ, ಸೌದಿಯ ಸೆರೆಮನೆಯಲ್ಲಿ ವರ್ಷಗಟ್ಟಲೆ ಉಳಿದ ಭಾರತೀಯ ಚಾಲಕರಿದ್ದಾರೆ. ಆದ್ದರಿಂದ ಲೈಸನ್ಸ್ ಇನ್ನೂ ಬಾರದಿರುವಾಗ 'ಹತ್ತಿರದ ಸೈಟಿಗಷ್ಟೇ, ಒಂದು ಲೋಡ್ ಬಿಟ್ಟು ಬಾ' ಎಂದು ಫೋರ್‌ಮನ್ ಕೀ ಕೊಟ್ಟರೆ ತೆಗೆದುಕೊಳ್ಳಬಾರದು. ಕೆಲಸ ಹೋದರೂ ಚಿಂತೆಯಿಲ್ಲ. ಪ್ರತಿದಿನ ಗಾಡಿ ಹತ್ತುವ ಮೊದಲು ಗಾಳಿ, ಬ್ರೇಕ್ ನೋಡುವಂತೆಯೇ ವಿಮೆಯ ತಾರೀಕನ್ನೂ ನೋಡುವುದು ಅಭ್ಯಾಸವಾಗಬೇಕು.

ಅನುಭವವಾದ ಮೇಲೆ ಕೆಲವರು ಗಡಿ ದಾಟುವ ಲೈನಿಗೆ ಹೋಗುತ್ತಾರೆ, ಯುಎಇಯ ಗುವೈಫಾತ್‌ನಿಂದ ಸೌದಿಯ ಬತ್ಹಾಗೆ ಹೋಗುವ ದಾರಿ ಇದರಲ್ಲಿ ಮುಖ್ಯವಾದುದು. ಭತ್ಯೆ ಹೆಚ್ಚು. ಆದರೆ ಅಲ್ಲಿನ ಪ್ರಜೆಗಳು ಗುರುತಿನ ಚೀಟಿ ತೋರಿಸಿ ದಾಟುವ ಗೇಟಿನಲ್ಲಿ ನಮ್ಮವನಿಗೆ ಸೌದಿಯ ಪ್ರತ್ಯೇಕ ವೀಸಾ ಬೇಕು. ಯುಎಇಯ ವಿಮೆ ತಾನಾಗಿ ಸೌದಿಯಲ್ಲಿ ನಡೆಯುವುದಿಲ್ಲ, ಅದಕ್ಕೂ ಬೇರೆ ವ್ಯವಸ್ಥೆ ಆಗಿರಬೇಕು. ಹೊರದೇಶದ ಟ್ರಕ್ ಸೌದಿಯ ಒಂದು ಊರಲ್ಲಿ ಸರಕು ತುಂಬಿ ಅಲ್ಲಿನದೇ ಇನ್ನೊಂದು ಊರಲ್ಲಿ ಇಳಿಸುವುದು ಅಪರಾಧ, ಖಾಲಿ ಬರುವ ಬದಲು ನಾಲ್ಕು ಕಾಸು ಎಂಬ ಆಸೆಗೆ ಗಾಡಿಯೇ ಜಪ್ತಿಯಾದೀತು. ಗಡಿಯಲ್ಲಿ ಕಿಲೋಮೀಟರುಗಟ್ಟಲೆ ಸಾಲು ನಿಲ್ಲುವುದುಂಟು. ಕೆಲವೊಮ್ಮೆ ಗಡಿಯೇ ಮುಚ್ಚುತ್ತದೆ: 2017ರ ಜೂನ್‌ನಲ್ಲಿ ಸೌದಿ ಮತ್ತು ಕತಾರ್ ನಡುವಿನ ಸಲ್ವಾ ಗಡಿ ಮುಚ್ಚಿದ್ದು ಮತ್ತೆ ತೆರೆದದ್ದು 2021ರ ಜನವರಿಯಲ್ಲಿ. ಟ್ರಿಪ್ ಇಲ್ಲದಿದ್ದರೆ ಭತ್ಯೆಯೂ ಇಲ್ಲ.

ಸಂಕಷ್ಟಕ್ಕೆ ಸಿಲುಕಿದವರ ಮನೆಯವರು ಊರಿನಿಂದಲೇ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು. ರಾಯಭಾರ ಕಚೇರಿಗಳಲ್ಲಿ 2009ರಿಂದ ಇರುವ ಸಮುದಾಯ ಕಲ್ಯಾಣ ನಿಧಿಯಿಂದ ಅರ್ಹರಿಗೆ ಕಾನೂನು ನೆರವು, ಮರಳುವ ಟಿಕೆಟ್ ಸಿಗುತ್ತದೆ. ಇದಕ್ಕೆಲ್ಲ ಪಾಸ್‌ಪೋರ್ಟ್, ವೀಸಾ, ಸಹಿಯಾದ ಆಫರ್ ಲೆಟರ್, ಏಜೆಂಟನ ರಶೀದಿ ಇವುಗಳ ಪ್ರತಿ ಮನೆಯಲ್ಲಿ ಇರಬೇಕು. ವಾಳೆಯ ಗುರಿಕಾರರು, ಯುವ ಸಂಘಟನೆಯವರು ಹೊರಡುವ ಹುಡುಗನ ಮನೆಗೆ ಬೀಳ್ಕೊಡಲು ಹೋಗುವಾಗ ಈ ನಾಲ್ಕು ಪ್ರತಿಗಳನ್ನು ಕೇಳಿ ನೋಡಲಿ. ಏಜೆಂಟನ ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿ ಉಂಟೋ ಎಂದು ಮೊಬೈಲಿನಲ್ಲಿ ನೋಡಲು ಐದು ನಿಮಿಷ ಸಾಕು, ಆದರೆ ಅದು ಹಣ ಕೊಡುವ ಮೊದಲೇ ಆಗಬೇಕು.