ಸುಸ್ತಾದ ಕೈ ಕಲಿಸುವ ಪಾಠ

ಸುಸ್ತಾದ ಮೇಲೂ ಹಟ ಹಿಡಿದು ಅಭ್ಯಾಸ ಮಾಡಿದರೆ ಕೈ ಬೇಗ ಪಳಗುತ್ತದೆ ಎಂಬ ಮಾತು ಕ್ರಿಕೆಟ್ ನೆಟ್ಸ್‌ನಲ್ಲೂ ಇದೆ, ಭರತನಾಟ್ಯದ ತರಗತಿಯಲ್ಲೂ ಮೃದಂಗದ ಪಾಠದಲ್ಲೂ ಇದೆ. ಮಕ್ಕಳ ಶ್ರಮವನ್ನು ಪೋಲು ಮಾಡುವ ಈ ನಂಬಿಕೆ ದಣಿವಿನ ಬಗೆಗಿನ ಬೇರೆ ತಪ್ಪು ಕಲ್ಪನೆಗಳ ಮೇಲೆ ನಿಂತಿದೆ. ಮೊದಲು ಅವನ್ನು ನೋಡೋಣ.

ನಂಬಿಕೆ: ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುವುದರಿಂದಲೇ ಸ್ನಾಯು ಸೋಲುತ್ತದೆ, ಮರುದಿನ ನೋಯುತ್ತದೆ.

ದುಡಿಯುವ ಸ್ನಾಯುವಿನಿಂದ ಹೊರಬರುವ ಲ್ಯಾಕ್ಟೇಟ್ ಕಸವಲ್ಲ. ಹೃದಯ, ಮಿದುಳು, ಬೇರೆ ಸ್ನಾಯುಗಳು ಅದನ್ನೇ ಇಂಧನವಾಗಿ ಬಳಸುತ್ತವೆ. ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ರಕ್ತದಲ್ಲಿ ಅದರ ಮಟ್ಟ ಮೊದಲಿನಂತಾಗುತ್ತದೆ. ಮರುದಿನದ ಮೈಕೈ ನೋವಿಗೆ ಕಾರಣ, ರೂಢಿಯಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಬಿದ್ದ ಸಣ್ಣಪುಟ್ಟ ಪೆಟ್ಟು.

ನಂಬಿಕೆ: ದಣಿವು ಸ್ನಾಯುವಿಗೆ ಮಾತ್ರ ಸೇರಿದ್ದು.

ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊಸ್ಸೊ ಬೆರಳಿನಿಂದ ಮತ್ತೆ ಮತ್ತೆ ತೂಕ ಎತ್ತಿಸಿ ದಣಿವನ್ನು ಅಳೆಯುವ ಯಂತ್ರವೊಂದನ್ನು ರೂಪಿಸಿದ್ದರು. ದಿನವಿಡೀ ಪರೀಕ್ಷೆ ನಡೆಸಿ ಬಂದ ಪ್ರಾಧ್ಯಾಪಕರ ಬೆರಳೂ ಬೇಗ ಸೋಲುವುದನ್ನು ಅವರು ಕಂಡರು. 1891ರಲ್ಲಿ ದಣಿವಿನ ಕುರಿತೇ ಪುಸ್ತಕ ಬರೆದರು. ಬಹುಕಾಲದ ನಂತರ ಆಸ್ಟ್ರೇಲಿಯಾದ ಸೈಮನ್ ಗ್ಯಾಂಡೇವಿಯಾ ಮತ್ತು ಸಂಗಡಿಗರು ಇನ್ನೂ ನೇರವಾದ ಸಾಕ್ಷ್ಯ ಕೊಟ್ಟರು. ಪೂರ್ತಿ ಬಲ ಹಾಕಿ ತೋಳು ಮಡಿಸಿ ದಣಿದ ವ್ಯಕ್ತಿಯ ಮಿದುಳಿನ ಚಲನ ಭಾಗವನ್ನು ತಲೆಯ ಹೊರಗಿನಿಂದಲೇ ಕಾಂತಕ್ಷೇತ್ರದ ಮೂಲಕ ಪ್ರಚೋದಿಸಿದಾಗ, ಅದೇ ತೋಳು ಕ್ಷಣಮಾತ್ರ ಇನ್ನಷ್ಟು ಬಲ ತೋರಿತು. ಅಂದರೆ ಸ್ನಾಯುವಿನಲ್ಲಿ ಬಲ ಇನ್ನೂ ಉಳಿದಿತ್ತು, ಮಿದುಳಿನ ಆಜ್ಞೆ ಕುಗ್ಗಿತ್ತು. ಸ್ನಾಯು ನಿಜವಾಗಿ ಸೋಲುವುದೇ ಇಲ್ಲ ಎಂದು ಇದರರ್ಥವಲ್ಲ. ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ.

ನಂಬಿಕೆ: ಕೆಲಸ ಕೆಡುವವರೆಗೂ ದೇಹ ಒಂದೇ ರೀತಿಯಲ್ಲಿ ಚಲಿಸುತ್ತಿರುತ್ತದೆ.

ಮರ ಕೊಯ್ಯುವವರನ್ನು ಗಮನಿಸಿ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆನಡಾದ ಜೂಲಿ ಕೋಟೆ ಮತ್ತು ಸಹೋದ್ಯೋಗಿಗಳು ಜನರಿಗೆ ಗರಗಸ ಕೊಟ್ಟು, ದಣಿಯುವ ತನಕ ಕೊಯ್ಯಿಸಿದರು. ಗರಗಸದ ಓಟ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಆದರೆ ಮೊಣಕೈಯ ಚಲನೆ ಕಿರಿದಾಗಿತ್ತು. ಆ ಕೊರತೆಯನ್ನು ದೇಹದ ಬೇರೆ ಕೀಲುಗಳು ತುಂಬಿಕೊಟ್ಟಿದ್ದವು. ಯಾರೂ ಅವರಿಗೆ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ಗುರಿ ಕೆಡದಂತೆ ದಾರಿಯನ್ನು ಬದಲಿಸುವುದು ಮಿದುಳಿನ ಸಹಜ ಜಾಣತನ. ಒಂದೇ ಸ್ನಾಯುವಿನೊಳಗೂ ಇಂಥದ್ದೇ ಏರ್ಪಾಡಿದೆ: ದುಡಿಯುತ್ತಿದ್ದ ಎಳೆಗಳ ಗುಂಪು ಸೊರಗಿದಂತೆ, ಅದುವರೆಗೆ ಸುಮ್ಮನಿದ್ದ ಇನ್ನೊಂದು ಗುಂಪನ್ನು ನರಮಂಡಲ ಕೆಲಸಕ್ಕೆ ಕರೆಯುತ್ತದೆ. ನೀರು ಹೊತ್ತು ನಡೆಯುವಾಗ ಅದೇ ಬಿಂದಿಗೆ ಆಮೇಲಾಮೇಲೆ ಭಾರ ಅನ್ನಿಸುವುದೂ ಇದರಿಂದಲೇ. ನಮಗೆ ತಿಳಿಯುವ ಭಾರದಲ್ಲಿ ಮಿದುಳು ಕಳಿಸಬೇಕಾದ ಆಜ್ಞೆಯ ಜೋರೂ ಸೇರಿರುತ್ತದೆ.

ನಂಬಿಕೆ: ಸುಸ್ತಾದಾಗ ಕಲಿತದ್ದೇ ಗಟ್ಟಿ.

ಈ ಜಾಣತನವೇ ಇಲ್ಲಿ ತೊಡಕಾಗುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡವೊಂದು 2019ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹದವಾಗಿ ಒತ್ತುವ ಕೌಶಲವನ್ನು ಕೆಲವರು ದಣಿದ ಕೈಯಲ್ಲಿ ಕಲಿತರು, ಕೆಲವರು ದಣಿಯದ ಕೈಯಲ್ಲಿ. ದಣಿದವರು ಆ ದಿನ ಹಿಂದೆ ಬಿದ್ದದ್ದು ಸಹಜವೇ. ಆದರೆ ಮರುದಿನ ಕೈ ಪೂರ್ತಿ ಚೇತರಿಸಿಕೊಂಡಿದ್ದರೂ ಅವರು ಹಿಂದೆಯೇ ಇದ್ದರು. ದಣಿಯದೇ ಇದ್ದ ಇನ್ನೊಂದು ಕೈಯ ಕಲಿಕೆಗೂ ಅದರ ಕೆಡುಕು ತಟ್ಟಿತ್ತು. ತೊಂದರೆ ಬೆರಳಿನಲ್ಲಷ್ಟೇ ಅಲ್ಲ, ಮಿದುಳಿನಲ್ಲೂ ಕೂತಿತ್ತು. ಸೋತ ಸ್ನಾಯುವಿಗೆ ಹೊಂದುವ ಆಜ್ಞೆಯನ್ನು ಮಿದುಳು ಆ ಕೌಶಲವೆಂದೇ ನೆನಪಿಟ್ಟುಕೊಂಡಂತಿತ್ತು.

ಬಲ, ದಮ್ಮು ಬೆಳೆಸುವ ವ್ಯಾಯಾಮದ ಮಾತು ಬೇರೆ. ಅಲ್ಲಿ ದೇಹ ದಣಿಯಲೇಬೇಕು. ಆದರೆ ಹೊಸ ಬೌಲಿಂಗ್ ಶೈಲಿ, ಹೊಸ ಜತಿ, ಪಾರ್ಶ್ವವಾಯುವಿನ ನಂತರ ಲೋಟ ಹಿಡಿಯುವುದನ್ನು ಮತ್ತೆ ಕಲಿಯುವುದು, ಇವೆಲ್ಲ ಹದದ ಕೆಲಸ. ಇವನ್ನು ತರಗತಿಯ ಮೊದಲಿಗೇ, ಕೈಕಾಲು ಚುರುಕಾಗಿರುವಾಗಲೇ ಕಲಿಸಬೇಕು. ಬೆವರಿಳಿಸುವ ಸುತ್ತುಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು. ಮೊಣಕೈ ಸೋತು ಸೊಂಟ ಬಾಗಲು ಶುರುವಾದ ಮಗುವನ್ನು "ಇನ್ನೂ ಹತ್ತು ಸಲ" ಎಂದು ನಿಲ್ಲಿಸಿಕೊಳ್ಳುವ ಗುರುಗಳು, ಆ ಹತ್ತು ಸಲವನ್ನು ಮರುದಿನ ಬೆಳಿಗ್ಗೆ ಮಾಡಿಸಲಿ.