ಹಿಡಿತದ ಲೆಕ್ಕ: ರೇಸ್ ಕ್ಲಚ್ ಆರಿಸುವ ಬಗೆ

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇಕಾದಾಗ ಬೆಸೆದು, ಬೇಡವಾದಾಗ ಬಿಡಿಸುವುದು ಕ್ಲಚ್ಚಿನ ಕೆಲಸ. ಸ್ಪ್ರಿಂಗಿನ ಒತ್ತಡಕ್ಕೆ ಸಿಕ್ಕ ಪ್ಲೇಟುಗಳ ಘರ್ಷಣೆಯೇ ಅದರ ಹಿಡಿತ. ಎಂಜಿನ್ನಿನ ಟಾರ್ಕ್ ಈ ಹಿಡಿತವನ್ನು ಮೀರಿದರೆ ಕ್ಲಚ್ ಜಾರುತ್ತದೆ, ಕಾದು ಸುಟ್ಟ ವಾಸನೆ ಬರುತ್ತದೆ. ರೇಸ್ ಕ್ಲಚ್ ಬೇಕಾಗುವುದು ಆಗ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯಲ್ಲಿ ಈ ಆಯ್ಕೆ ಸುಲಭದ್ದಲ್ಲ. ವಾರವಿಡೀ ಶಿಳ್‌ಫಾಟಾದ ದಟ್ಟಣೆಯಲ್ಲಿ ಹಾಫ್ ಕ್ಲಚ್ಚಿನಲ್ಲಿ ತೆವಳುವ ಗಾಡಿಯೇ ಭಾನುವಾರ ಮಾಳಶೇಜ್ ಘಾಟಿ ಹತ್ತಬೇಕು.

ಹಿಡಿತವನ್ನು ನಿರ್ಧರಿಸುವ ಅಂಶಗಳು ನಾಲ್ಕು: ಸ್ಪ್ರಿಂಗಿನ ಒತ್ತಡ, ಪ್ಲೇಟಿನ ಉಜ್ಜುವ ಹೊದಿಕೆಯಾದ ಲೈನಿಂಗಿನ ಘರ್ಷಣಾಂಕ, ಪ್ಲೇಟಿನ ಸರಾಸರಿ ತ್ರಿಜ್ಯ, ಉಜ್ಜುವ ಮೈಗಳ ಸಂಖ್ಯೆ. ಇವುಗಳನ್ನು ಗುಣಿಸಿದರೆ ಕ್ಲಚ್ ತಾಳುವ ಟಾರ್ಕ್ ಸಿಗುತ್ತದೆ. ಒತ್ತಡ 4,000 ನ್ಯೂಟನ್, ಘರ್ಷಣಾಂಕ 0.3, ತ್ರಿಜ್ಯ 9 ಸೆಂಟಿಮೀಟರ್ ಇರುವ ಕಾರಿನ ಒಂಟಿ ಪ್ಲೇಟಿಗೆ ಎರಡು ಮೈ. ಅದು 216 ನ್ಯೂಟನ್ ಮೀಟರ್ ತಾಳುತ್ತದೆ. 150 ನ್ಯೂಟನ್ ಮೀಟರಿನ ಎಂಜಿನ್ನಿಗೆ ಇಷ್ಟು ಧಾರಾಳ. ಸ್ಪ್ರಿಂಗ್ ಬಿಗಿಮಾಡಿದರೆ ಹಿಡಿತವೇನೋ ಹೆಚ್ಚುತ್ತದೆ, ಪೆಡಲೂ ಭಾರವಾಗುತ್ತದೆ. ಅದಕ್ಕೇ ರೇಸ್ ಕಾರುಗಳಲ್ಲಿ ಪ್ಲೇಟುಗಳನ್ನು ಹೆಚ್ಚಿಸಿ ವ್ಯಾಸ ಕುಗ್ಗಿಸುತ್ತಾರೆ. ತಿರುಗುವ ತೂಕ ಇಳಿದು ಎಂಜಿನ್ ಚುರುಕಾಗಿ ಏರಿಳಿಯುತ್ತದೆ.

ಮುಂದಿನದು ಲೈನಿಂಗ್. ಆರ್ಗ್ಯಾನಿಕ್ ಲೈನಿಂಗ್ ಮೆತ್ತಗೆ ಹಿಡಿಯುವುದರಿಂದ ದಟ್ಟಣೆಗೆ ಅದೇ ಸರಿ. ಆದರೆ ವಿಪರೀತ ಶಾಖ ತಾಳದು. ಲೋಹದ ಪುಡಿ ಬೆಸೆದು ಮಾಡಿದ ಸಿಂಟರ್ಡ್ ಪ್ಲೇಟು ಶಾಖ ತಾಳುತ್ತದೆ, ಆದರೆ ತಟ್ಟನೆ ಕಚ್ಚುತ್ತದೆ. ಸಿಗ್ನಲ್ಲಿನಲ್ಲಿ ಗಾಡಿ ಜಗ್ಗುತ್ತದೆ, ಪ್ಲೇಟು ಉಜ್ಜುವ ಫ್ಲೈವೀಲ್ ಬೇಗ ಸವೆಯುತ್ತದೆ.

ಬೈಕಿನಲ್ಲಿ ಹೆಚ್ಚಾಗಿ ಎಣ್ಣೆಯಲ್ಲಿ ಮುಳುಗಿದ ಹಲವು ಪ್ಲೇಟುಗಳಿರುತ್ತವೆ. ಆರು ಪ್ಲೇಟುಗಳಿಗೆ ಹನ್ನೆರಡು ಮೈ. ಇದಕ್ಕೆ ಕಾರಿನ ಜಾರು ಎಣ್ಣೆ ಸಲ್ಲದು, ಜಾಸೋ ಎಂಎ ಗುರುತಿನ ಎಣ್ಣೆಯೇ ಬೇಕು. ಘಾಟಿಯ ಇಳಿಜಾರಿನಲ್ಲಿ ಸರಸರನೆ ಗೇರ್ ಇಳಿಸಿದರೆ ಹಿಂದಿನ ಚಕ್ರ ಕುಣಿಯುತ್ತದೆ. ಸ್ಲಿಪ್ಪರ್ ಕ್ಲಚ್ಚಿನ ಇಳಿಜಾರು ಹಲ್ಲುಗಳು ಆಗ ಪ್ಲೇಟುಗಳನ್ನು ತುಸು ಸಡಿಲಿಸಿ ಆ ಹೊಡೆತ ತಗ್ಗಿಸುತ್ತವೆ. ಹೊಸೂರಿನ ಟಿವಿಎಸ್ ತನ್ನ ಅಪಾಚೆ ಆರ್‌ಆರ್ 310 ಬೈಕಿಗೆ 2019ರಲ್ಲಿ ಇದನ್ನು ಅಳವಡಿಸಿತು.

ಜೋಡಿಸಿದ ಮೇಲೆ ಹೊಂದಿಸುವ ಕೆಲಸ. ಲಿವರಿನಲ್ಲಿ ಕೈಪಿಡಿ ಹೇಳಿದಷ್ಟು ಫ್ರೀ ಪ್ಲೇ, ಅಂದರೆ ಸಡಿಲ ಚಲನೆ, ಇರಬೇಕು. ಅದು ಇಲ್ಲವಾದರೆ ಕ್ಲಚ್ ಸದಾ ಅರ್ಧ ಬಿಟ್ಟಂತಿದ್ದು ಸುಡುತ್ತದೆ. ಹೆಚ್ಚಾದರೆ ಪೂರ್ತಿ ಬಿಡದೆ ಗೇರ್ ಕರ್ರೆನ್ನುತ್ತದೆ. ಹೊಸ ಪ್ಲೇಟುಗಳ ಮೈ ಪರಸ್ಪರ ಹೊಂದಿಕೊಳ್ಳುವವರೆಗೆ ಮೃದುವಾಗಿ ಓಡಿಸಬೇಕು. ಆಮೇಲೆ ಮೇಲಿನ ಗೇರಿನಲ್ಲಿ ಕಡಿಮೆ ವೇಗದಿಂದ ಪೂರ್ತಿ ಥ್ರಾಟಲ್ ಕೊಟ್ಟು ನೋಡಬೇಕು. ಆರ್‌ಪಿಎಂ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ.

ಈ ಪರೀಕ್ಷೆಗೆ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆ ಜಾಗವಲ್ಲ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ರೇಸಿಗೂ ಇಂಥ ಪರೀಕ್ಷೆಗೂ ಚೆನ್ನೈ, ಕೊಯಮತ್ತೂರಿನಂಥ ಟ್ರ್ಯಾಕುಗಳಿವೆ. ಟ್ರ್ಯಾಕಿಗೆ ಹೋಗದ ಗಾಡಿಗೆ ಒಳ್ಳೆಯ ಆರ್ಗ್ಯಾನಿಕ್ ಪ್ಲೇಟು, ಎಂಜಿನ್ನಿನ ಟಾರ್ಕಿಗಿಂತ ತುಸು ಹೆಚ್ಚಿನ ಹಿಡಿತ, ಸರಿಯಾದ ಫ್ರೀ ಪ್ಲೇ ಇಷ್ಟಿದ್ದರೆ ಸಾಕು.