ನೊಣಕ್ಕೂ ಇದೆ ರೋಗನಿರೋಧಕ ಶಕ್ತಿ

ಸೋಂಕಿನೊಡನೆ ಹೋರಾಟ ಮನುಷ್ಯನಿಂದ ಶುರುವಾದದ್ದಲ್ಲ. ಅದರ ಇತಿಹಾಸ ನೂರು ಕೋಟಿ ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ. ಈ ಹಿನ್ನೆಲೆ ಮರೆತಾಗ ನಮ್ಮ ದೇಹದ ಬಗ್ಗೆಯೇ ನಾವು ತಪ್ಪು ತಿಳಿಯುತ್ತೇವೆ. ಅಂಥ ಐದು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ 1: ಬೆನ್ನೆಲುಬಿಲ್ಲದ ಪ್ರಾಣಿಗಳಿಗೆ ರೋಗನಿರೋಧಕ ವ್ಯವಸ್ಥೆಯೇ ಇಲ್ಲ.

ಸತ್ಯ: ಈ ವ್ಯವಸ್ಥೆಯ ಮುಖ್ಯ ಗುಟ್ಟೊಂದು ಬಯಲಾದದ್ದೇ ಅಂಥ ಪ್ರಾಣಿಯಲ್ಲಿ. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಸಣ್ಣ ಮುಳ್ಳು ಚುಚ್ಚಿದರು. ಮರುದಿನ ಬೆಳಿಗ್ಗೆ ಅಲೆಮಾರಿ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನಮ್ಮ ಗಾಯದಲ್ಲಿ ಕೀವು ಕಟ್ಟುವಾಗ ಬಿಳಿ ರಕ್ತಕಣಗಳು ಮಾಡುವುದೂ ಇದನ್ನೇ. ರೋಗನಿರೋಧಕ ಶಕ್ತಿಯ ಅಧ್ಯಯನಕ್ಕಾಗಿ ಪಾಲ್ ಎರ್ಲಿಕ್ ಜೊತೆ ಅವರಿಗೆ 1908ರ ನೊಬೆಲ್ ಸಂದಿತು.

ತಪ್ಪು ಕಲ್ಪನೆ 2: ಹುಟ್ಟಿನಿಂದ ಬಂದ ರಕ್ಷಣೆ ಲೆಕ್ಕಕ್ಕಿಲ್ಲ, ನಿಜವಾದ ಕೆಲಸ ಪ್ರತಿಕಾಯಗಳದ್ದು.

ಸತ್ಯ: ಹೊಸ ರೋಗಾಣುವಿಗೆ ತಕ್ಕ ಪ್ರತಿಕಾಯ ಸಾಕಷ್ಟು ತಯಾರಾಗಲು ಒಂದೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯುವುದು ಜನ್ಮಜಾತ ರಕ್ಷಣೆ. ‘ಟೋಲ್’ ಜೀನ್ ಕೆಟ್ಟ ಹಣ್ಣುನೊಣಗಳು ಬೂಸ್ಟಿನ ಸೋಂಕಿಗೆ ಬಲಿಯಾಗುವುದನ್ನು 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ ತೋರಿಸಿತು. ಅದೇ ಬಗೆಯ ಜೀನ್ ಇಲಿಗಳಲ್ಲಿ ಬ್ಯಾಕ್ಟೀರಿಯಾದ ಹೊರಪದರದ ವಿಷವನ್ನು ಪತ್ತೆಹಚ್ಚುತ್ತದೆಂದು 1998ರಲ್ಲಿ ಬ್ರೂಸ್ ಬಾಯ್ಟ್ಲರ್ ತಂಡ ಕಂಡುಕೊಂಡಿತು. ನಮ್ಮಲ್ಲೂ ಇಂಥ ಜೀನ್‌ಗಳಿಂದ ತಯಾರಾಗುವ, ರೋಗಾಣುವಿನ ಸುಳಿವು ಹಿಡಿಯುವ 10 ಗ್ರಾಹಕಗಳಿವೆ. ಹೀಗೆ ಅಪಾಯದ ಸುಳಿವು ಸಿಕ್ಕಾಗಲೇ ಪ್ರತಿಕಾಯಗಳ ತಯಾರಿ ಚುರುಕಾಗುವುದು. ಹಲವು ಲಸಿಕೆಗಳಿಗೆ ಸಹಾಯಕ ವಸ್ತು ಬೆರೆಸುವುದು ಈ ಹಳೆಯ ರಕ್ಷಣೆಯನ್ನು ಎಚ್ಚರಿಸಲೆಂದೇ.

ತಪ್ಪು ಕಲ್ಪನೆ 3: ಬಂದುಹೋದ ಸೋಂಕಿನ ನೆನಪು ಬೆನ್ನೆಲುಬಿರುವ ಪ್ರಾಣಿಗಳಿಗಷ್ಟೇ ಉಂಟು.

ಸತ್ಯ: ಪ್ರಾಣಿಗಳಿರಲಿ, ಎಷ್ಟೋ ಬ್ಯಾಕ್ಟೀರಿಯಾಗಳಿಗೂ ಉಂಟು. ಮೇಲೆರಗಿದ ವೈರಸ್‌ನ ಡಿಎನ್‌ಎ ತುಣುಕನ್ನು ಅವು ತಮ್ಮ ಡಿಎನ್‌ಎಯಲ್ಲೇ ಸೇರಿಸಿಟ್ಟುಕೊಂಡು, ಅದೇ ವೈರಸ್ ಮತ್ತೆ ಬಂದರೆ ಕತ್ತರಿಸಿಹಾಕುತ್ತವೆ. ಕ್ರಿಸ್ಪರ್ ಎಂಬ ಈ ತಂತ್ರ 2007ರಲ್ಲಿ ಮೊಸರು ತಯಾರಿಕೆಗೆ ಬಳಸುವ ಬ್ಯಾಕ್ಟೀರಿಯಾದಲ್ಲಿ ಸಾಬೀತಾಯಿತು. ಜೇನುಹುಳುಗಳಲ್ಲಿ, ರಾಣಿ ತಿಂದ ಆಹಾರದಲ್ಲಿರುವ ರೋಗಾಣುವಿನ ಚೂರುಗಳು ಮೊಟ್ಟೆಯನ್ನು ಸೇರಿ ಮುಂದಿನ ಪೀಳಿಗೆಯನ್ನು ಸಜ್ಜುಗೊಳಿಸುತ್ತವೆ. ಇದೇ ತತ್ವದ ಮೇಲೆ ರೂಪಿಸಿದ ಜೇನುಹುಳುವಿನ ಲಸಿಕೆಗೆ ಅಮೆರಿಕದಲ್ಲಿ ಷರತ್ತುಬದ್ಧ ಪರವಾನಗಿಯೂ ಸಿಕ್ಕಿದೆ.

ತಪ್ಪು ಕಲ್ಪನೆ 4: ವಿಕಾಸ ಮುಂದುವರಿದಂತೆ ರಕ್ಷಣೆ ಉತ್ತಮವಾಗುತ್ತ ಬಂದು ಮನುಷ್ಯನಲ್ಲಿ ಪೂರ್ಣಗೊಂಡಿತು.

ಸತ್ಯ: ಸೀ ಅರ್ಚಿನ್ ಎಂಬ ಮೈತುಂಬ ಮುಳ್ಳಿರುವ ಕಡಲಜೀವಿಯಲ್ಲಿ ಟೋಲ್ ಬಗೆಯ ಜೀನ್‌ಗಳು 200ಕ್ಕೂ ಹೆಚ್ಚು. ಸುಮಾರು 50 ಕೋಟಿ ವರ್ಷಗಳ ಹಿಂದೆ ನಮ್ಮಿಂದ ಕವಲೊಡೆದ, ದವಡೆಯಿಲ್ಲದ ಲ್ಯಾಂಪ್ರೆಗಳು ನಮ್ಮ ಪ್ರತಿಕಾಯಕ್ಕೆ ಸಂಬಂಧವೇ ಇಲ್ಲದ ಬೇರೊಂದು ಪ್ರೋಟೀನಿನಿಂದ ಅದೇ ಕೆಲಸ ಮಾಡಿಸಿಕೊಳ್ಳುತ್ತವೆ. ಅಟ್ಲಾಂಟಿಕ್ ಕಾಡ್ ಮೀನಿನ ಕಥೆ ಇನ್ನೂ ವಿಚಿತ್ರ. ರೋಗಾಣುವಿನ ಚೂರುಗಳನ್ನು ರಕ್ಷಣಾ ಕೋಶಗಳಿಗೆ ತೋರಿಸಲು ನಮಗೆ ಅತ್ಯಗತ್ಯವಾದ ಎಂಎಚ್‌ಸಿ-2 ಜೀನ್‌ಗಳನ್ನು ಅದು ಕಳೆದುಕೊಂಡಿದ್ದರೂ ಕಡಲಿನಲ್ಲಿ ಬದುಕಿ ಬಾಳುತ್ತಿದೆ. ಪ್ರತಿ ಜೀವಿಯೂ ತನ್ನ ಪರಿಸರಕ್ಕೆ ತಕ್ಕ ದಾರಿ ಹಿಡಿದಿದೆ.

ತಪ್ಪು ಕಲ್ಪನೆ 5: ರೋಗನಿರೋಧಕ ಶಕ್ತಿ ಎಷ್ಟು ಜಾಸ್ತಿಯಾದರೆ ಅಷ್ಟು ಒಳ್ಳೆಯದು.

ಸತ್ಯ: ಬಾವಲಿಗಳನ್ನು ನೋಡಿ. ಮನುಷ್ಯರ ಜೀವ ತೆಗೆಯುವ ನಿಪಾ ವೈರಸ್ ಹಣ್ಣುಬಾವಲಿಗಳಲ್ಲಿ ಕಾಯಿಲೆ ತರುವುದೇ ಇಲ್ಲ. ವೈರಸ್ ಹೆಚ್ಚಾಗದಂತೆ ತಡೆಯುತ್ತಲೇ ಅವು ಉರಿಯೂತವನ್ನು ಹಿಡಿತದಲ್ಲಿಡುತ್ತವೆ. ನಮ್ಮಲ್ಲಿ ಅಲರ್ಜಿ, ರುಮಟಾಯ್ಡ್ ಸಂಧಿವಾತ ಹುಟ್ಟುವುದು ಈ ಶಕ್ತಿ ಗುರಿತಪ್ಪಿದಾಗ. ಕೊರತೆ ಅದಕ್ಕೆ ಕಾರಣವಲ್ಲ. ಹಾಗಾಗಿ ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಎಂಬ ಡಬ್ಬಿಯ ಮೇಲಿನ ಬರಹವನ್ನು ನಂಬಿ ದುಡ್ಡು ಸುರಿಯುವ ಮುನ್ನ ಯೋಚಿಸಿ. ಲಸಿಕೆ ನಿರ್ದಿಷ್ಟ ರೋಗಾಣುವಿನ ಗುರುತನ್ನು ದೇಹಕ್ಕೆ ಕಲಿಸುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುವುದೇ ಜಾಣತನ.